ನಿಂಗಮ್ಮನ ಪದಕದ ದುಡ್ಡು ಎಲ್ಲಿತ್ತು

ದತ್ತಿ ಶಾಖೆ ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೂ ಬಯಸಿ ಬರುವ ಜಾಗವಾಗಿರಲಿಲ್ಲ. ಪರೀಕ್ಷಾ ವಿಭಾಗದಲ್ಲಿ ಜಗಳ ಆಡಿದವರು, ಪ್ರವೇಶ ವಿಭಾಗದಲ್ಲಿ ಮೇಲಿನವರಿಗೆ ಎದುರು ಮಾತಾಡಿದವರು ಕೊನೆಗೆ ಅಲ್ಲಿಗೆ ಬಂದು ಬೀಳುತ್ತಿದ್ದರು. ನಾನು ಬಿದ್ದದ್ದು ಎರಡನೆಯ ಕಾರಣಕ್ಕೆ. ಟ್ರಸ್ಟಿನವರು ನಡೆಸುತ್ತಿದ್ದ ಕಾಲೇಜು ಆಮೇಲೆ ವಿಶ್ವವಿದ್ಯಾಲಯ ಆಯಿತು. ಅದರ ಹೆಸರು ಇಲ್ಲಿ ಬೇಡ. ಪಾಂಡವಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಗುಮಾಸ್ತೆಯಾಗಿ ಶುರು ಮಾಡಿ, ಅದೇ ಶಾಖೆಯ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಈಗ ಆ ಕೆಲಸಕ್ಕೆ ಸೇರುತ್ತಿರುವವರಿಗೆ ನಾನು ಹೇಳಬೇಕಾದ್ದು ಬಡ್ತಿಯ ಕಥೆಯಲ್ಲ. ನನಗೆ ಎದೆ ಧಸಕ್ಕೆಂದ ಕೆಲವು ದಿನಗಳ ಕಥೆ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ತೀರಿಹೋದ ಗಂಡನ ಹೆಸರಿನಲ್ಲೋ, ಮಗಳ ಹೆಸರಿನಲ್ಲೋ ಜನ ಹಣ ತಂದು ಕೊಡುತ್ತಾರೆ. ಆ ಅಸಲನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಎಲ್ಲಾದರೂ ಹೂಡಿ, ಬಂದ ಆದಾಯದಲ್ಲಿ ಪದಕ, ವಿದ್ಯಾರ್ಥಿವೇತನ ಕೊಡಬೇಕು. ದಾನಿಗಳಿಗೆ ಪತ್ರ ಬರೆಯುವುದು, ಘಟಿಕೋತ್ಸವಕ್ಕೆ ಕರೆಯುವುದು, ಪದಕದ ಮೇಲೆ ಹೆಸರು ಸರಿಯಾಗಿ ಕೆತ್ತಿಸುವುದು ನಮ್ಮ ಪಾಲಿನದು.

ಸೇರಿದ ಎರಡನೇ ವರ್ಷವೇ ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ಗಂಜಾಂನ ಶೆಟ್ಟರೊಬ್ಬರು, ದಿನಸಿ ವ್ಯಾಪಾರಿ, ತಮ್ಮ ತಾಯಿಯ ಹೆಸರಿನಲ್ಲಿ ದತ್ತಿ ಇಟ್ಟಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ತಾಯಿಯ ಹೆಸರಿನ ಹಿಂದೆ ಬರಬೇಕಾಗಿದ್ದ ‘ದಿವಂಗತ’ ಶೆಟ್ಟರ ಹೆಸರಿನ ಹಿಂದೆ ಕೂತಿತ್ತು. ಕರಡು ತಿದ್ದಿದವಳು ನಾನೇ. ಮೂರನೇ ದಿನ ಬಿಳಿ ಪಂಚೆ ಉಟ್ಟವರೊಬ್ಬರು ಬಾಗಿಲಲ್ಲಿ ನಿಂತು, "ಇಲ್ಲಿ ವನಜಾಕ್ಷಿ ಅಂದ್ರೆ ಯಾರಮ್ಮ?" ಅಂದರು. ನಾನು ಎದ್ದು ನಿಂತೆ. "ನೀವು ಸಾಯಿಸಿದ ಮನುಷ್ಯ ನಾನೇ. ಬೆಳಗ್ಗೆಯಿಂದ ಮನೆಗೆ ಹಾರ ಹಿಡ್ಕೊಂಡು ಬರ್ತಾವ್ರೆ" ಅಂದರು. ನಾನು ಅಳುವುದೊಂದು ಬಾಕಿ. ಅವರೇ ನಕ್ಕು ಸಮಾಧಾನ ಮಾಡಿ ಹೋದರು. ಅವತ್ತಿನಿಂದ ದಾನಿಗಳ ಹೆಸರನ್ನು ಮೂರು ಸಲ ಓದದೆ ಯಾವ ಕಾಗದವನ್ನೂ ನಾನು ಹೊರಗೆ ಬಿಟ್ಟವಳಲ್ಲ. ಹೆಸರು ಮಾತ್ರ ಓದಿದರೆ ಸಾಲದು ಅಂತ ತಿಳಿಯುವುದಕ್ಕೆ ನನಗೆ ಇನ್ನೂ ಬಹಳ ವರ್ಷ ಬೇಕಾಯಿತು.

ನಿಂಗಮ್ಮ ಬಂದದ್ದು ಅದಾದ ಎಷ್ಟೋ ಕಾಲಕ್ಕೆ. ನಾಗಮಂಗಲ ತಾಲ್ಲೂಕು, ಹೊಣಕೆರೆ ಹೋಬಳಿಯ ಒಂದು ಹಳ್ಳಿಯವರು. ಐವತ್ತೈದರ ಹೆಂಗಸು, ಕೈಯಲ್ಲಿ ಬ್ಯಾಂಕಿನ ಡ್ರಾಫ್ಟು, ಕಂಕುಳಲ್ಲಿ ಒಂದು ಬಟ್ಟೆ ಚೀಲ. ಗಂಡ ಬೋರೇಗೌಡರು ಗಂಟಲು ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಕೊನೆಯ ತಿಂಗಳು ಒಬ್ಬಳು ನರ್ಸು ಅವರನ್ನು ಮಗುವಿನ ಹಾಗೆ ನೋಡಿಕೊಂಡಿದ್ದಳಂತೆ.

"ನೀರೂ ಇಳೀತಿರ್ನಿಲ್ಲ ಕಣವ್ವ ಅವ್ರಿಗೆ. ಆ ಹುಡ್ಗಿ ಅತ್ತಿ ಒದ್ದೆ ಮಾಡ್ಕಂಡು ತುಟಿಗೆ ಒತ್ತೋಳು. ಅಂಥ ಹೆಣ್ಮಕ್ಳು ಓದ್ಲಿ ಅಂತ ತಂದಿವ್ನಿ" ಅಂದರು.

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮೊದಲು ಬಂದವಳಿಗೆ ಬೋರೇಗೌಡರ ಹೆಸರಿನಲ್ಲಿ ಚಿನ್ನದ ಪದಕ ಅಂತ ಬರೆದುಕೊಂಡೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಜ್ವಾಪಾನವಾಗಿ ಮಡಗ್ತೀರಾ?" ಅಂತ ಕೇಳಿದರು. "ನಿಮ್ಮ ದುಡ್ಡಿಗೇನೂ ಆಗಲ್ಲಮ್ಮ" ಅಂದೆ. ಅದು ಮುಳುಗುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿದ್ದೆ.

ಆ ಕಾಲಕ್ಕೆ ದತ್ತಿಯ ಹಣವೆಲ್ಲ ಬ್ಯಾಂಕಿನ ಠೇವಣಿಯಲ್ಲಿರುತ್ತಿತ್ತು. ಆಮೇಲೆ ಬಡ್ಡಿ ಇಳಿಯುತ್ತಾ ಬಂತು, ಚಿನ್ನದ ಬೆಲೆ ಏರುತ್ತಾ ಹೋಯಿತು. ಪದಕಗಳು ಎಲೆಯ ಹಾಗೆ ತೆಳ್ಳಗಾದವು. ಹೊಸ ಹಣಕಾಸು ಅಧಿಕಾರಿ ಶಿವಲಿಂಗಪ್ಪನವರು ಬಂದದ್ದು ಆಗ. ಕಟ್ಟುನಿಟ್ಟಿನ ಮನುಷ್ಯ. ಕಚೇರಿಯ ಪೆನ್ನಿನಿಂದ ಮನೆಯ ಪಟ್ಟಿ ಬರೆಯದವರು. ಟ್ರಸ್ಟಿಗೆ ಹೇಳಿ ಬೆಂಗಳೂರಿನಿಂದ ಹೂಡಿಕೆ ಸಲಹೆಗಾರನೊಬ್ಬನನ್ನು ಕರೆಸಿದರು. ಷೇರು, ಬಾಂಡು ಅಂತೆಲ್ಲ ಪಟ್ಟಿಗಳು ಬರತೊಡಗಿದವು. ನನ್ನ ದಪ್ಪ ಲೆಡ್ಜರುಗಳು ಬೀರು ಸೇರಿ, ಕಂಪ್ಯೂಟರಿನ ಉದ್ದುದ್ದ ಹಾಳೆಗಳು ಮೇಜಿಗೆ ಬಂದವು. ಆದಾಯ ಚೆನ್ನಾಗಿಯೇ ಬಂತು. ಪದಕಗಳು ಮತ್ತೆ ತೂಕ ಕಂಡವು. ನಾವೆಲ್ಲ ಶಿವಲಿಂಗಪ್ಪನವರನ್ನು ಹೊಗಳಿದೆವು.

ಹಾಗೆ ನಿಂಗಮ್ಮನ ಪದಕ ಪಡೆದವಳು ಚೈತ್ರ. ಕೆ.ಆರ್. ಪೇಟೆ ಕಡೆಯ ಹುಡುಗಿ. ಓದು ಮುಗಿಸಿ ಎರಡು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿ, ನಮ್ಮ ನರ್ಸಿಂಗ್ ಕಾಲೇಜಿಗೇ ಪಾಠ ಹೇಳಲು ಬಂದಿದ್ದಳು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ಕೂತು ಒಂದು ಅರ್ಜಿ ಕೊಟ್ಟಳು. ಜೊತೆಗೆ ನಾಲ್ಕೈದು ಜನ ಅಧ್ಯಾಪಕರ ಸಹಿ. ದತ್ತಿಯ ಹಣವನ್ನು ಯಾವ ಯಾವ ಕಂಪನಿಗಳಲ್ಲಿ ಹೂಡಿದ್ದೀರಿ, ಪಟ್ಟಿ ಕೊಡಿ ಅಂತ ಬರೆದಿತ್ತು.

"ಯಾಕಮ್ಮ, ಯಾರಾದರೂ ತಿಂದಿದ್ದಾರೆ ಅಂತ ಅನುಮಾನವಾ?" ನನಗೆ ಕೋಪವೇ ಬಂದಿತ್ತು.

"ಇಲ್ಲ ಮೇಡಂ. ದುಡ್ಡು ಎಲ್ಲಿ ದುಡೀತಿದೆ ಅಂತ ಗೊತ್ತಾಗಬೇಕು. ಬೇರೆ ಕಡೆ ವಿಶ್ವವಿದ್ಯಾಲಯಗಳಲ್ಲಿ ಇದನ್ನ ಕೇಳ್ತಾರೆ. ನಾವು ಒಂದಷ್ಟು ಜನ ಸೇರಿ ಇಲ್ಲೂ ಕೇಳೋಣ ಅಂತ ಮಾಡಿದೀವಿ."

"ದುಡ್ಡು ದುಡಿಯೋದು ಎಲ್ಲಾದರೇನು?"

ಅವಳು ಜಗಳಕ್ಕೆ ಬರಲಿಲ್ಲ. "ಮೇಡಂ, ನನ್ನ ಪದಕದ ದುಡ್ಡು ಎಲ್ಲಿದೆ? ಅದೊಂದನ್ನಾದರೂ ಹೇಳಿ" ಅಂದಳು.

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟು ವರ್ಷ ಅದೇ ಶಾಖೆಯಲ್ಲಿ ಕೂತಿದ್ದೇನೆ, ಪ್ರತಿ ದಾನಿಯ ಮನೆ ವಿಳಾಸ ಬಾಯಿಪಾಠ ಇದೆ, ಅವರ ದುಡ್ಡು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಆ ಕ್ಷಣದ ನಾಚಿಕೆ ಇವತ್ತಿಗೂ ನೆನಪಿದೆ.

ಕಡತ ತೆಗೆಸಿ ಇಬ್ಬರೂ ಕೂತೆವು. ಕಂಪನಿಗಳ ಹೆಸರುಗಳು ಒಂದರ ಕೆಳಗೊಂದು ಸಣ್ಣ ಅಕ್ಷರದಲ್ಲಿದ್ದವು. ಎಲ್ಲ ಗೌರವಸ್ಥ ಹೆಸರುಗಳೇ. ಚೈತ್ರ ಒಂದೊಂದನ್ನೇ ಮೊಬೈಲಿನಲ್ಲಿ ನೋಡುತ್ತಾ ಬಂದಳು. ಒಂದು ಹೆಸರಿನ ಹತ್ತಿರ ಅವಳ ಬೆರಳು ನಿಂತಿತು; ಅದರ ಎದುರು ಬೋರೇಗೌಡರ ದತ್ತಿಯೂ ಸೇರಿ ಹಲವು ದತ್ತಿಗಳ ಹೆಸರಿತ್ತು. ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಆ ಕಂಪನಿ ಮಾಡುವ ಸರಕಿನ ಚಿತ್ರ ಇತ್ತು. ಸಿಗರೇಟು ಪ್ಯಾಕು. ಅದರ ಮೇಲೆ ಮುಕ್ಕಾಲು ಭಾಗಕ್ಕೂ ಹೆಚ್ಚು, ಕಾನೂನಿನ ಪ್ರಕಾರ ಹಾಕಲೇಬೇಕಾದ ಆ ಚಿತ್ರ. ಕೊಳೆತ ಗಂಟಲು.

ಬೋರೇಗೌಡರ ಹೆಸರಿನ ಪದಕದ ಚಿನ್ನ ಸಿಗರೇಟಿನ ಲಾಭದಲ್ಲಿ ಬರುತ್ತಿತ್ತು. ಆ ಚಿನ್ನವನ್ನು ಮುಂದೆ ಕ್ಯಾನ್ಸರ್ ವಾರ್ಡಿಗೆ ಹೋಗಲಿದ್ದ ನರ್ಸಿನ ಕೊರಳಿಗೆ ನಾವು ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿ ಹಾಕಿದ್ದೆವು. ಚೈತ್ರಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಇದಕ್ಕೆ ಒಪ್ಪಿಗೆ ಕೊಟ್ಟೋರು ಯಾರು ಮೇಡಂ?" ಅಂದಳು ಮೆಲ್ಲಗೆ.

ಹಾಳೆ ಹಿಂದಕ್ಕೆ ಹಿಂದಕ್ಕೆ ತಿರುವಿದೆ. ಟಿಪ್ಪಣಿ ಸಿಕ್ಕಿತು. ‘ಪಟ್ಟಿಯನ್ನು ಪರಿಶೀಲಿಸಲಾಗಿದೆ, ಅನುಮೋದನೆಗೆ ಸಲ್ಲಿಸಿದೆ.’ ಕೆಳಗೆ ಹಸಿರು ಶಾಯಿಯಲ್ಲಿ ಶಿವಲಿಂಗಪ್ಪನವರ ಸಹಿ. ಅದರ ಮೇಲೆ, ನೀಲಿ ಶಾಯಿಯಲ್ಲಿ, ನನ್ನದು.

ಹೊಸಬರೇ, ನಾನು ಸುಳ್ಳು ಹೇಳುವುದಿಲ್ಲ. ಆ ಹಾಳೆಯನ್ನು ಚೈತ್ರ ನೋಡುವ ಮೊದಲೇ ಮುಚ್ಚಿಬಿಡೋಣ ಅಂತ ಕೈ ಹೋಯಿತು. ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು. ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು.

ಮಾರನೇ ದಿನ ಶಿವಲಿಂಗಪ್ಪನವರ ಕೊಠಡಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ವನಜಾಕ್ಷಿಯವರೇ, ಅದೇನು ಕಳ್ಳ ಕಂಪನಿಯಾ? ಸರ್ಕಾರಕ್ಕೆ ತೆರಿಗೆ ಕಟ್ಟುತ್ತೆ. ಕಾನೂನು ಮೀರಿಲ್ಲ. ಅಲ್ಲಿಂದ ತೆಗೆದರೆ ಆದಾಯ ಬೀಳುತ್ತೆ. ಯಾವ ಹುಡುಗನ ವಿದ್ಯಾರ್ಥಿವೇತನ ನಿಲ್ಲಿಸಲಿ? ನೀವೇ ಹೋಗಿ ಹೇಳ್ತೀರಾ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

"ಇಷ್ಟು ವರ್ಷದಲ್ಲಿ ಒಬ್ಬ ದಾನಿಯಾದರೂ ಕೇಳಿದ್ದಾರಾ? ಕೇಳಲಿ. ಆಮೇಲೆ ಟ್ರಸ್ಟಿನ ದತ್ತಿ ಸಮಿತಿ ಮುಂದೆ ಇಡೋಣ" ಅಂದರು.

ಅವರು ಮಾತು ಮುಗಿಸಲು ಹಾಗಂದಿದ್ದರು. ನಾವು ಅದನ್ನೇ ಹಿಡಿದುಕೊಂಡೆವು. ನಾನು ರಜೆ ಹಾಕಿದೆ. ಚೈತ್ರಳಿಗೆ ಪಾಠವಿಲ್ಲದ ದಿನಗಳಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ದಾನಿಗಳಿಗೆ ಇರುವುದನ್ನು ಇರುವ ಹಾಗೆ ಹೇಳಿ, ಒಪ್ಪಿದವರಿಂದ ಒಂದು ಪತ್ರಕ್ಕೆ ಸಹಿ ತರುವುದು ನಮ್ಮ ಲೆಕ್ಕಾಚಾರ. ಕೇಳಿದವರೆಲ್ಲ ಬೆಚ್ಚಿಬಿದ್ದು ಸಹಿ ಹಾಕುತ್ತಾರೆ ಅಂದುಕೊಂಡಿದ್ದೆ.

ಮೊದಲು ಗಂಜಾಂ. ಶೆಟ್ಟರಿಗೆ ವಯಸ್ಸಾಗಿತ್ತು, ಆದರೂ ಅಂಗಡಿಯ ಗಲ್ಲಾದ ಮುಂದೆಯೇ ಕೂತಿದ್ದರು. "ಓ, ನನ್ನ ಸಾಯಿಸಿದ ತಾಯಿ ಬಂದ್ರು!" ಅಂತ ಕುರ್ಚಿ ಹಾಕಿಸಿದರು. ವಿಷಯ ಕೇಳಿ ಅವರ ಮುಖ ಬದಲಾಗಲೇ ಇಲ್ಲ.

"ಅಮ್ಮಾ, ದುಡ್ಡಿಗೆ ಮುಖ ಇರಲ್ಲ. ಬ್ಯಾಂಕಿನಲ್ಲಿಟ್ಟರೆ ಬ್ಯಾಂಕಿನವನು ಯಾರಿಗೆ ಕೊಡ್ತಾನೆ ಅಂತ ನೋಡ್ತೀವಾ? ನಮ್ಮ ತಾಯಿ ಹೆಸರಲ್ಲಿ ಮಕ್ಕಳು ಓದ್ತಾವಲ್ಲ, ಸಾಕು. ಇನ್ನೂ ಜಾಸ್ತಿ ಬರೋ ಕಡೆ ಇದ್ರೆ ಅಲ್ಲಿಗೇ ಹಾಕಿ."

ಒಳ್ಳೆಯ ಮನುಷ್ಯ ಅಂತ ನಾನು ಇಷ್ಟಪಟ್ಟವರು ಅವರು. ಪತ್ರ ಮಡಚಿಕೊಂಡು ಎದ್ದೆ.

ಬೆಳಗೊಳದ ಹತ್ತಿರ ಜವರೇಗೌಡ ಅಂತ ಒಬ್ಬ ರೈತರು. ಅವರ ಮನೆತನದ ದತ್ತಿ ನಮ್ಮಲ್ಲಿತ್ತು. ಗದ್ದೆಯ ಬದುವಿನ ಮೇಲೆಯೇ ಕೂತು ಕೇಳಿದರು. ಅವರ ಪ್ರಶ್ನೆ ಶೆಟ್ಟರದಕ್ಕಿಂತ ಕಷ್ಟದ್ದು.

"ಅಲ್ಲ ಕಣವ್ವ, ನಾನು ಕಬ್ಬು ಬೆಳೀತೀನಿ. ಸಕ್ಕರೆ ಆದ್ಮೇಲೆ ಉಳಿಯೋ ಕಾಕಂಬಿ ಎಲ್ಗೋಯ್ತದೆ? ಹೆಂಡಕ್ಕೆ ತಾನೆ? ಅಂಗಾರೆ ನನ್ನ ದುಡ್ಡೂ ಬ್ಯಾಡ ಅನ್ನಿ. ಗೆರೆ ಎಲ್ಲಿ ಎಳೀತೀರಾ?"

ನಾನು ಚೈತ್ರಳ ಮುಖ ನೋಡಿದೆ. ಅವಳು "ನನಗೂ ಗೊತ್ತಿಲ್ಲ ಅಣ್ಣ" ಅಂದಳು. ಅಷ್ಟು ನೇರವಾಗಿ ಒಪ್ಪಿಕೊಂಡದ್ದು ಅವರಿಗೆ ಹಿಡಿಸಿತೇನೋ. ಬದುವಿನ ಹುಲ್ಲು ಕೀಳುತ್ತಾ, "ಗೆರೆ ಎಲ್ಲದೆ ಅಂತ ನಂಗೂ ಗೊತ್ತಿಲ್ಲ. ಈ ಸಿಗ್ರೇಟು ಮಾತ್ರ ಗೆರೆಯಿಂದಾಚ್ಗೆ ಅದೆ ಅಂತ ಗೊತ್ತು. ಕೊಡಿಲ್ಲಿ" ಅಂತ ಪತ್ರ ಇಸಿದುಕೊಂಡರು.

ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ ಕೆಲವರು ಸಹಿ ಹಾಕಿದರು. ಕೆಲವರು ನಾವು ಚಂದಾಕ್ಕೆ ಬಂದಿದ್ದೇವೆ ಅಂತ ಬಾಗಿಲು ತೆಗೆಯಲಿಲ್ಲ. ಹೊಣಕೆರೆ ಕಡೆಗೆ ಹೋಗುವುದನ್ನು ಮಾತ್ರ ನಾನು ಮುಂದೂಡುತ್ತಲೇ ಇದ್ದೆ. ಕೊನೆಗೆ ಚೈತ್ರಳೇ, "ಮೇಡಂ, ಅವರಿಗೆ ಹೇಳದೆ ಈ ಪತ್ರಕ್ಕೆ ಬೆಲೆಯಿಲ್ಲ" ಅಂದಳು.

ನಿಂಗಮ್ಮ ಮನೆಯ ಮುಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದರು. ನನ್ನನ್ನು ನೋಡಿದ್ದೇ ಮುಖ ಅರಳಿತು. ಇವಳೇ ಅವತ್ತಿನ ಪದಕದ ಹುಡುಗಿ ಅಂತ ಚೈತ್ರಳನ್ನು ತೋರಿಸಿದೆ. ಅವಳ ಎರಡು ಕೆನ್ನೆ ಹಿಡಿದು ನೆಟಿಕೆ ಮುರಿದರು. ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆ ಕುಡಿದಾದ ಮೇಲೆ ಹೇಳಬೇಕಾಗಿ ಬಂದ ಮಾತು ನನ್ನ ವೃತ್ತಿಯಲ್ಲೇ ಅತ್ಯಂತ ಕಷ್ಟದ್ದು. ನನ್ನ ಸಹಿಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ.

ಅವರು ಕೂಗಾಡಲಿಲ್ಲ. ಎಮ್ಮೆ ಬಕೆಟ್ಟು ಉರುಳಿಸಿತು, ಅದನ್ನೂ ನೋಡಲಿಲ್ಲ.

"ಏಸು ವರ್ಸದಿಂದ?" ಅಂದರು.

ಹೇಳಿದೆ.

"ಯಾರೂ ಓದ್ನಿಲ್ವಾ? ಓದೋರೇ ಇರೋ ಜಾಗ ಅಲ್ವಾ ಅದು?"

ನಾನು ಪತ್ರ ಮುಂದಿಟ್ಟರೆ ಅದನ್ನು ಪಕ್ಕಕ್ಕೆ ಸರಿಸಿದರು. "ಕಾಗ್ದ ಬುಡಿ. ನಿಮ್ಮ ಸಭೆ ಯಾವತ್ತದೆ ಯೋಳಿ. ನಾನೇ ಬತ್ತೀನಿ."

ಸಮಿತಿಯ ಸಭೆಗೆ ದಾನಿಗಳು ಬರುವ ಪದ್ಧತಿಯೇ ಇರಲಿಲ್ಲ. ಬರಬಾರದು ಅಂತ ಎಲ್ಲೂ ಬರೆದಿರಲೂ ಇಲ್ಲ. ಮೊದಲ ಮಹಡಿಯ ಸಭಾಂಗಣದಲ್ಲಿ ಉದ್ದನೆಯ ಮೇಜು, ಅದರ ಸುತ್ತ ಟ್ರಸ್ಟಿನ ಅಧ್ಯಕ್ಷರು, ಸದಸ್ಯರು, ಶಿವಲಿಂಗಪ್ಪನವರು. ಬೆಂಗಳೂರಿನ ಸಲಹೆಗಾರನೂ ಬಂದಿದ್ದ. ನಿಂಗಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಸೆರಗು ಹೊದ್ದು, ಕಾಲು ಹಿಂದಕ್ಕೆಳೆದುಕೊಂಡು ಕೂತಿದ್ದರು. ಚೈತ್ರ ಪತ್ರಗಳನ್ನು ಓದಿ ಹೇಳಿದಳು. ಸಲಹೆಗಾರ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಏರುವ ಗೆರೆ, ಇಳಿಯುವ ಗೆರೆ ತೋರಿಸಿದ. ಭಾವನೆ ಬೇರೆ, ಹೂಡಿಕೆ ಬೇರೆ ಅಂದ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

"ಅಮ್ಮ ಏನಾದರೂ ಹೇಳೋದಿದೆಯಾ?" ಅಂತ ಅವರು ಕೇಳಿದ್ದು ಶಿಷ್ಟಾಚಾರಕ್ಕೆ.

ನಿಂಗಮ್ಮ ಎದ್ದು ನಿಂತರು. "ಸಾಮಿ, ನಾನು ಆ ದುಡ್ಡು ಕೊಡುವಾಗ ಒಂದು ಮಾತು ಯೋಳಿರ್ನಿಲ್ಲ. ನಂದು ಊರ ಬಸ್‌ಸ್ಟಾಂಡಲ್ಲಿ ಪೆಟ್ಟಿಗೆ ಅಂಗ್ಡಿ. ಬೀಡಿ ಸಿಗ್ರೇಟು ಮಾರೇ ದುಡ್ಡು ಮಾಡಿದ್ದು. ನಮ್ಮೆಜಮಾನ್ರೂ ಆ ಅಂಗ್ಡೀದೇ ಸೇದಿ ಸೇದಿ ಸತ್ರು. ನಾನೇ ಕೈಯಾರೆ ತಗ್ದು ತಗ್ದು ಕೊಡ್ತಿದ್ದೆ."

ಗೋಡೆಯ ಮೇಲೆ ಸಲಹೆಗಾರನ ಗೆರೆಗಳ ಚಿತ್ರ ಹಾಗೆಯೇ ಬೆಳಗುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

"ಆ ದುಡ್ಡು ನಮ್ಮನೇಲಿದ್ರೆ ಅನ್ನ ಗಂಟ್ಲಲ್ಲಿ ಇಳೀತಿರ್ನಿಲ್ಲ. ಅದ್ಕೇ ಎಲ್ಲಾರ ಒಳ್ಳೇ ಕಡೀಕೋಗ್ಲಿ ಅಂತ ತಂದು ಇಲ್ಲಿ ಹಾಕ್ದೆ. ನೀವು ಅದನ್ನ ತಕ್ಕಂಡೋಗಿ ಮತ್ತೆ ಅಲ್ಲಿಗೇ ಮಡಗಿದ್ದೀರಲ್ಲ ಸಾಮಿ?"

ಅವರ ದನಿ ಏರಲಿಲ್ಲ. ನನಗೆ ಮಾತ್ರ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅಷ್ಟು ವರ್ಷ ಅವರ ಜೊತೆ ಒಡನಾಡಿದ್ದೆ. ಅಂಗಡಿಯ ವಿಷಯ ನನಗೆ ಗೊತ್ತಿರಲಿಲ್ಲ. ದುಡ್ಡು ಎಲ್ಲಿಗೆ ಹೋಯಿತು ಅಂತ ನಾನು ಕೇಳಿರಲಿಲ್ಲ, ಎಲ್ಲಿಂದ ಬಂತು ಅಂತಲೂ ಕೇಳಿರಲಿಲ್ಲ.

ಆಮೇಲೆ ಮಾತಾಡಿದವರು ಶಿವಲಿಂಗಪ್ಪನವರು. ವಿರೋಧ ಮಾಡುತ್ತಾರೆ ಅಂತ ನಾನು ಕಾದಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಧ್ಯಕ್ಷರೇ, ಆ ಪಟ್ಟಿಗೆ ಕೊನೆಯ ಸಹಿ ನನ್ನದು. ನಾನು ಅದನ್ನು ಓದಿರಲಿಲ್ಲ. ಕೆಳಗಿನವರು ಓದಿದ್ದಾರೆ ಅಂದುಕೊಂಡೆ" ಅಂದರು. ನಾನು ಮೇಲಿನವರು ಓದುತ್ತಾರೆ ಅಂದುಕೊಂಡಿದ್ದೆ. ಸಲಹೆಗಾರ ನಾವಿಬ್ಬರೂ ಓದಿದ್ದೇವೆ ಅಂದುಕೊಂಡಿದ್ದ. ಕೊಳೆತ ಗಂಟಲಿನ ಚಿತ್ರಕ್ಕಿಂತ ನನ್ನನ್ನು ನಡುಗಿಸಿದ್ದು ಇದು. ಯಾರೂ ಕೆಟ್ಟದ್ದು ಮಾಡಬೇಕು ಅಂತ ಹೊರಟಿರಲಿಲ್ಲ.

ನಿಯಮದ ಕರಡನ್ನು ಅಲ್ಲೇ ಶಿವಲಿಂಗಪ್ಪನವರು ಹೇಳಿದರು, ನಾನು ಬರೆದುಕೊಂಡೆ. ತಂಬಾಕು, ಮದ್ಯ, ಶಸ್ತ್ರಾಸ್ತ್ರದ ಕಂಪನಿಗಳಲ್ಲಿ ದತ್ತಿಯ ಹಣ ಇಡುವಂತಿಲ್ಲ. ಉಳಿದ ಕಂಪನಿಗಳ ವಿಷಯದಲ್ಲಿ, ನೀರು ಕೆಡಿಸಿದ ಅಥವಾ ಕೂಲಿಯವರಿಗೆ ಅನ್ಯಾಯ ಮಾಡಿದ ದೂರು ಇದೆಯೇ ಅಂತ ವರ್ಷಕ್ಕೊಮ್ಮೆ ನೋಡಬೇಕು. ಪ್ರತಿ ದಾನಿಗೂ ಅವರ ಹಣ ಎಲ್ಲಿದೆ ಅಂತ ಕನ್ನಡದಲ್ಲಿ ಪತ್ರ ಬರೆಯಬೇಕು. ಇದಕ್ಕೆಲ್ಲ ಒಂದು ಉಪಸಮಿತಿ, ಅದರಲ್ಲಿ ಚೈತ್ರಳ ಗುಂಪಿನವರೂ ಇರಬೇಕು. ಸಮಿತಿ ಒಪ್ಪಿತು.

ಇಲ್ಲಿಗೆ ಕಥೆ ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಆ ಷೇರುಗಳನ್ನು ನಾವು ಅವಸರದಲ್ಲಿ, ಬೆಲೆ ಬಿದ್ದಿದ್ದಾಗ ಮಾರಿದೆವು. ಮುಂದಿನ ವರ್ಷ ಆದಾಯ ಇಳಿಯಿತು. ಕೆಲವು ಮಕ್ಕಳ ವಿದ್ಯಾರ್ಥಿವೇತನ ತಡವಾಯಿತು, ಇಬ್ಬರದು ಆ ವರ್ಷ ನಿಂತೇ ಹೋಯಿತು. ನಾಗಮಂಗಲದ ಒಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತು, "ನಿಮ್ಮ ಧರ್ಮಕ್ಕೆ ನನ್ನ ಮಗಳ ಫೀಜೇ ಬೇಕಾಗಿತ್ತೇನವ್ವ?" ಅಂತ ಕೂಗಿದ. ಶಿವಲಿಂಗಪ್ಪನವರು ಮೊದಲ ದಿನವೇ ಕೇಳಿದ್ದ ಪ್ರಶ್ನೆ ಅದು. ಆ ಹುಡುಗಿಯ ಫೀಜನ್ನು ಚೈತ್ರಳ ಗುಂಪಿನವರು ಕೈಯಿಂದ ಕಟ್ಟಿದರು. ಇನ್ನೊಬ್ಬ ಹುಡುಗ ಕಾಲೇಜು ಬಿಟ್ಟು ಹೋದ. ಅವನ ಹೆಸರು ನನಗೆ ಮರೆತಿಲ್ಲ. ಸರಿಯಾದ ಕೆಲಸವನ್ನೂ ಲೆಕ್ಕ ಹಾಕಿ, ಕಾದು, ನಿಧಾನವಾಗಿ ಮಾಡಬೇಕು ಅಂತ ಅವನಿಂದ ಕಲಿತೆ.

ನಿಂಗಮ್ಮನ ಪದಕ ಬೆಳ್ಳಿಯದಾಯಿತು, ಮೇಲೆ ಚಿನ್ನದ ನೀರು. ನಿವೃತ್ತಿಗೆ ಒಂದು ತಿಂಗಳಿರುವಾಗ ಆ ಸುದ್ದಿ ಮತ್ತು ಹೊಸ ಪತ್ರವನ್ನು ಕೈಯಾರೆ ಕೊಡೋಣ ಅಂತ ಅವರ ಊರಿಗೆ ಹೋದೆ. ಮನೆಯಲ್ಲಿರಲಿಲ್ಲ. ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯಲ್ಲಿ ಸಿಕ್ಕರು. ಬಾಳೆಗೊನೆ ತೂಗಾಡುತ್ತಿತ್ತು, ಎಲೆ ಅಡಿಕೆ, ಬಿಸ್ಕತ್ತಿನ ಡಬ್ಬಿಗಳು ಇದ್ದವು. ಅವರು ನನಗೆ ಸ್ಟೂಲು ಹಾಕಿದರು. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅವರ ದುಡ್ಡು ಈಗ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಒಂದು ಯೋಜನೆಯ ಬಾಂಡಿನಲ್ಲಿತ್ತು. "ನೀರು" ಅನ್ನುವ ಪದದ ಹತ್ತಿರ ನಿಂತು ಮತ್ತೊಮ್ಮೆ ಓದಿದರು.

ಆಗ ನಾನು ತಲೆ ಎತ್ತಿ ನೋಡಿದೆ. ಅವರ ತಲೆಯ ಹಿಂದಿನ ಹಲಗೆಯ ಮೇಲೆ ಸಿಗರೇಟು ಪ್ಯಾಕುಗಳು ಸಾಲಾಗಿ ಜೋಡಿಸಿದ್ದವು.

ನನ್ನ ಮುಖದಲ್ಲಿ ಏನು ಕಂಡಿತೋ. "ನಿಲ್ಸಿರ್ತೀನಿ ಅಂದ್ಕಂಡ್ರಾ?" ಅಂದರು.

ಹೂಂ ಅಂದೆ.

"ಒಂದು ತಿಂಗ್ಳು ನಿಲ್ಸಿದ್ದೆ ಕಣವ್ವ. ಸಿಗ್ರೇಟಿಗೆ ಬರೋನೇ ಬಾಳೆಹಣ್ಣು ತಕ್ಕಳದು, ಬಿಸ್ಕತ್ತು ತಕ್ಕಳದು. ಯಾರೂ ಬರ್ನಿಲ್ಲ. ಮುಚ್ಚಾಕಬೇಕಾಗಿತ್ತು. ಮುಚ್ಚಾಕಿದ್ರೆ ನಾನು ಉಣ್ಣಬೇಕಲ್ಲ?"

ಪತ್ರವನ್ನು ಮಡಚಿ ಗಲ್ಲಾದ ಪೆಟ್ಟಿಗೆಯೊಳಗೆ ಇಡಲು ಹೋದವರು, ಯಾಕೋ ಬೇಡವೆಂದು ರವಿಕೆಯೊಳಗೆ ಇಟ್ಟುಕೊಂಡರು.

"ನಂಗೆ ಬೇರೆ ದಾರಿ ಇಲ್ಲ. ನಿಮ್ಗಿತ್ತು. ಅದ್ಕೇ ನಿಮ್ತಾವ ತಂದು ಕೊಟ್ಟಿದ್ದು."

ಬಸ್ಸಿನಿಂದ ಇಳಿದ ಒಬ್ಬಾತ ಬಂದು ಹತ್ತರ ನೋಟು ಚಾಚಿದ. ನಿಂಗಮ್ಮ ಹಿಂದಕ್ಕೆ ನೋಡದೆಯೇ ಕೈ ಎತ್ತಿ ಪ್ಯಾಕು ತೆಗೆದರು, ಒಂದು ಸಿಗರೇಟು ಎಳೆದು ಕೊಟ್ಟರು. ಅವನು ಅಲ್ಲೇ ಹಚ್ಚಲು ಹೋದ. "ಆಚ್ಗೋಗಿ ಸೇದ್ಲಾ" ಅಂತ ಗದರಿಸಿದರು. ಅವನು ರಸ್ತೆ ದಾಟುವವರೆಗೂ ಅವನನ್ನೇ ನೋಡುತ್ತಾ ನಿಂತಿದ್ದರು.